ಬೆಕ್ಕು ಅಟ್ಟದಿಂದ ಇಳಿದದ್ದು

ನಮ್ಮ ಬೆಕ್ಕಿಗೆ ಹೆಸರಿರಲಿಲ್ಲ. ಊರಿಗಾಂನ ಚಿನ್ನದ ಗಣಿಯ ಲೈನ್ ಮನೆಗಳಲ್ಲಿ ನಮ್ಮ ಸಾಲಿಗೆಲ್ಲ ಅದೊಂದೇ ಬೆಕ್ಕು, ಹೆಸರಿಟ್ಟು ಕರೆಯುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ. ಬೂದಿ ಬಣ್ಣ, ಒಂದು ಕಿವಿಯ ತುದಿ ಹರಿದಿತ್ತು. ತಾಯಿ ಸತ್ತ ಮರಿಯನ್ನು ಅಮ್ಮ ಹತ್ತಿಯ ಬತ್ತಿಯಿಂದ ಹಾಲು ಹಿಂಡಿ ಹಿಂಡಿ ಕುಡಿಸಿ ಉಳಿಸಿಕೊಂಡಿದ್ದಳು. ನನ್ನನ್ನು ಸಾಕುವಾಗ ಈ ತಾಳ್ಮೆ ಎಲ್ಲಿ ಹೋಗಿತ್ತು ಅಂತ ಕೇಳಿದರೆ, "ನೀನು ಕಚ್ತಿದ್ದೆ, ಅದು ಕಚ್ಚಲ್ಲ" ಅನ್ನುತ್ತಿದ್ದಳು.

ಐವತ್ತರ ದಶಕ ಮುಗಿಯುವ ಹೊತ್ತಿಗೆ ಅಪ್ಪನ ಗಣಿ ಕೆಲಸವೂ ಮುಗಿಯಿತು. ಕೆಲಸ ಮುಗಿದ ಮೇಲೆ ಲೈನ್ ಮನೆ ಬಿಟ್ಟುಕೊಡಬೇಕು. ಬಂಗಾರಪೇಟೆಯಲ್ಲಿ ರೈಲು ಹಳಿಯ ಹತ್ತಿರ, ತಾತ ಬಿಟ್ಟುಹೋಗಿದ್ದ ಜಾಗದಲ್ಲಿ ಎರಡು ಕೋಣೆಯ ಹೆಂಚಿನ ಮನೆ ಎದ್ದಿತು. ಅಕ್ಕಂದಿರಿಗೆಲ್ಲ ಮದುವೆಯಾಗಿತ್ತು. ಉಳಿದವರು ಅಪ್ಪ, ಅಮ್ಮ, ನಾನು, ನನ್ನ ಹೊಲಿಗೆ ಮೆಷಿನ್ನು ಮತ್ತು ಬೆಕ್ಕು. ಆಗ ನನಗೆ ಇಪ್ಪತ್ತು ತುಂಬಿತ್ತು, ರವಿಕೆ ಹೊಲಿದುಕೊಡುತ್ತಿದ್ದೆ.

ಹೊಸ ಮನೆಗೆ ಏನೇನು ಬರಬಾರದು ಅನ್ನುವ ವಿಷಯದಲ್ಲಿ ಅಮ್ಮ ಬಲು ಖಡಕ್ಕು. ಹಳೆಯ ಪೊರಕೆ ಬರಬಾರದು, ಒಲೆಯ ಗುಂಡುಗಳು ಬರಬಾರದು, ಬಾಯಿ ಒಡೆದ ಮಡಕೆ ಬರಬಾರದು, ಹರಿದ ಗೋಣಿ ಬರಬಾರದು. ಹಳೇ ಮನೆಯ ದರಿದ್ರ ಅವುಗಳಿಗೆ ಅಂಟಿಕೊಂಡು ಬರುತ್ತದಂತೆ. ಇಷ್ಟು ನಮ್ಮ ಕಡೆ ಎಲ್ಲರೂ ಪಾಲಿಸುವುದೇ. ಅಮ್ಮ ಅದಕ್ಕೆ ತನ್ನದೊಂದು ಸೇರಿಸಿದಳು. ಅಪ್ಪನ ಕೋಟೂ ಬರಬಾರದು.

ಅದೊಂದು ದಪ್ಪನೆಯ ಮಿಲಿಟರಿ ಕೋಟು, ಸಂತೆಯಲ್ಲಿ ಕೊಂಡ ಹಳೇ ಮಾಲು. ಗಣಿಯ ಕೆಳಗೆ ಮೈ ಬೇಯುವಷ್ಟು ಸೆಕೆ, ಮೇಲೆ ಬಂದ ಕೂಡಲೇ ಗಾಳಿ ಚಳಿ ಹಿಡಿಸುತ್ತಿತ್ತು. ಬೆವರಿದ ಮೈಮೇಲೆ ಅಪ್ಪ ಅದನ್ನು ಹಾಕಿಕೊಂಡು ಮನೆಗೆ ನಡೆದುಬರುತ್ತಿದ್ದ. ಬೆವರು, ಬಂಡೆ ಸಿಡಿಸುವ ಮದ್ದಿನ ಹೊಗೆ, ನೆನೆದ ಮರ, ಕಾರ್ಬೈಡ್ ದೀಪ ಎಲ್ಲ ಸೇರಿದ ಒಂದು ವಾಸನೆ ಅದಕ್ಕಿತ್ತು. ಅಮ್ಮ ಅದನ್ನು ಒಳಗೆ ಬಿಟ್ಟವಳೇ ಅಲ್ಲ. ಹಿಂಬಾಗಿಲ ಆಚೆ ಒಂದು ಮೊಳೆ, ಮೊಳೆಗೆ ಕೋಟು, ಕೋಟಿನ ಕೆಳಗೆ ಗೋಣಿ, ಗೋಣಿಯ ಮೇಲೆ ಬೆಕ್ಕು. "ಗಣಿ ಮುಗೀಲಿ, ಮೊದ್ಲು ಈ ನಾತಕ್ಕೆ ಬೆಂಕಿ ಆಕ್ತೀನಿ" ಅಂತ ವರ್ಷಗಟ್ಟಲೆ ಹೇಳಿಕೊಂಡೇ ಬಂದಿದ್ದಳು.

ಹೊರಡುವ ಹಿಂದಿನ ದಿನ ಮನೆಯ ಬಟ್ಟೆಯೆಲ್ಲ ಸೋಡಾದಲ್ಲಿ ಕುದ್ದು ಬಿಸಿಲಿಗೆ ಬಿತ್ತು. ಗೋಣಿ ತಿಪ್ಪೆಗೆ ಹೋಯಿತು. ಕೋಟು ಎಸೆದು ಬಾ ಎಂದು ಅಪ್ಪನ ಕೈಗೆ ಕೊಟ್ಟಳು, ಅಪ್ಪ ತಲೆಯಾಡಿಸಿ ತೆಗೆದುಕೊಂಡು ಹೋದ. ಇಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತು. ಗೃಹಪ್ರವೇಶಕ್ಕೆ ಎಲ್ಲರೂ ಮಡಿಯಾಗಬೇಕಲ್ಲ ಅಂತ ಬೆಕ್ಕನ್ನೂ ಹಿಡಿದು ಸೀಗೇಕಾಯಿ ಹಾಕಿ ತಿಕ್ಕಿದಳು. ಅವಳ ಮೊಣಕೈವರೆಗೆ ಗೀರುಗಳು. ಬೆಕ್ಕು ನೆನೆದ ಬತ್ತಿಯ ಹಾಗೆ ಆಗಿತ್ತು.

ಬೆಕ್ಕನ್ನು ಬಿದಿರಿನ ಮಂಕರಿಯಲ್ಲಿಟ್ಟು, ಮೇಲೆ ಬಟ್ಟೆ ಹಾಕಿ ನಾನೇ ಸುತ್ತಲೂ ಹೊಲಿಗೆ ಹಾಕಿದೆ. ಅದಕ್ಕೆ ಮರಳುವ ದಾರಿ ಗೊತ್ತಾಗಬಾರದೆಂದು ಅಮ್ಮ ಆ ಮಂಕರಿಯನ್ನು ರೈಲ್ವೆ ಪ್ಲಾಟ್‌ಫಾರಂ ಮೇಲೆ ಮೂರು ಸುತ್ತು ತಿರುಗಿಸಿದಳು. ಪಕ್ಕದ ಮನೆಯ ತಮಿಳು ಹೆಂಗಸು ಬೀಳ್ಕೊಡಲು ಬಂದಿದ್ದಳು. "ನಾಯಿಕ್ಕಿ ಆಳು, ಪೂನೈಕ್ಕಿ ವೀಡು" ಎಂದಳು. ನಾಯಿಗೆ ಮನುಷ್ಯ, ಬೆಕ್ಕಿಗೆ ಮನೆ ಅಂತ. ಬೆಕ್ಕು ಬಂಗಾರಪೇಟೆ ಬರುವವರೆಗೂ ಒಂದೇ ರಾಗದಲ್ಲಿ ಅತ್ತಿತು.

ಹೊಸ ಮನೆಯಲ್ಲಿ ಹೊಲಿಗೆ ಬಿಚ್ಚಿದ್ದೇ ತಡ, ಬೆಕ್ಕು ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು ಒಂದು ಸುತ್ತು ಮೂಸಿತು. ಸುಣ್ಣ, ಸಗಣಿ, ಸಾಂಬ್ರಾಣಿ. ಅದಕ್ಕೆ ಗೊತ್ತಿದ್ದ ಒಂದು ವಾಸನೆಯೂ ಆ ಮನೆಯಲ್ಲಿರಲಿಲ್ಲ, ತನ್ನ ಮೈಯದು ಕೂಡ. ಸೌದೆಯ ಗುಡ್ಡೆ ಹತ್ತಿ ಅಟ್ಟಕ್ಕೆ ಹಾರಿ ದೊಡ್ಡ ಹಂಡೆಯ ಹಿಂದೆ ಸೇರಿಕೊಂಡಿತು. ರೈಲು ಕೂಗಿದಾಗಲೆಲ್ಲ ಇನ್ನಷ್ಟು ಒಳಕ್ಕೆ ಸರಿಯುತ್ತಿತ್ತು. ಊರಿಗಾಂನಲ್ಲಿ ನೆಲದ ಕೆಳಗೆ ಗಣಿಯಲ್ಲಿ ಬಂಡೆ ಸಿಡಿದು ಮನೆ ನಡುಗಿ ಪಾತ್ರೆ ಉರುಳಿದರೂ ಕಣ್ಣು ತೆರೆಯದ ಬೆಕ್ಕು ಇದು.

ಇಟ್ಟ ಹಾಲಿಗೆ ಇರುವೆ ಮುತ್ತಿತು. ಒಣಮೀನು ಸುಟ್ಟು ಇಟ್ಟರೆ ಬೀದಿಯ ಬೆಕ್ಕುಗಳು ಬಂದವು, ನಮ್ಮದು ಬರಲಿಲ್ಲ. ಎದುರುಮನೆಯ ತೆಲುಗಿನ ಅಜ್ಜಿ ಉಪಾಯ ಹೇಳಿದಳು. "ಪಿಲ್ಲಿ ಕಾಳ್ಳಕಿ ನೆಯ್ಯಿ ಪುಯ್ಯಮ್ಮಾ." ಕಾಲಿಗೆ ತುಪ್ಪ ಹಚ್ಚಿದರೆ ನೆಕ್ಕುತ್ತ ನೆಕ್ಕುತ್ತ ಹಳೇ ಮನೆ ಮರೆಯುತ್ತದಂತೆ. ಅಪ್ಪ ಏಣಿ ಹತ್ತಿ ಎಳೆದು ತಂದ. ಅಮ್ಮ ತುಪ್ಪ ಹಚ್ಚಿದಳು, ಒಲೆಗೆ ಮೂರು ಸುತ್ತು ಹಾಕಿಸಿದಳು, ಕನ್ನಡಿ ತೋರಿಸಿದಳು. ಬೆಕ್ಕು ಅಪ್ಪನ ಕೈ ಸೀಳಿ, ಹೊಸ ಸುಣ್ಣದ ಗೋಡೆಯ ಮೇಲೆ ತುಪ್ಪದ ಹೆಜ್ಜೆ ಮೂಡಿಸಿ ಮತ್ತೆ ಅಟ್ಟ ಸೇರಿತು. ಹೀಗೆ ಎಳೆದಿಳಿಸಿದಷ್ಟೂ ಅದು ಹೆದರುತ್ತದೆ, ಅದರ ಪಾಡಿಗೆ ಬಿಡು ಎಂದು ನಾನು ಹೇಳಿದೆ. ಅಮ್ಮ ನನ್ನ ಮಾತು ಯಾವತ್ತು ಕೇಳಿದ್ದಳು?

ಬೆಕ್ಕು ಬರಬರುತ್ತ ಅಳುವುದನ್ನೂ ನಿಲ್ಲಿಸಿತು. ಏಣಿ ಹತ್ತಿ ನೋಡಿದರೆ ಎರಡು ಕಣ್ಣು, ಮೂಳೆ, ಅಷ್ಟೇ. ಅಮ್ಮನೂ ತಟ್ಟೆಗೆ ಕೈಯಿಟ್ಟು ಉಣ್ಣದೆ ಎದ್ದುಬಿಡುತ್ತಿದ್ದಳು. "ಸತ್ರೆ ಗತಿಯೇನು? ಬೆಕ್ಕು ಕೊಂದ ಪಾಪಕ್ಕೆ ಚಿನ್ನದ ಬೆಕ್ಕು ಮಾಡ್ಸಿ ದಾನ ಕೊಡ್ಬೇಕಂತೆ" ಎಂದಳು ಒಂದು ದಿನ.

ಅಪ್ಪ ಪೇಪರಿನಿಂದ ತಲೆಯೆತ್ತಲಿಲ್ಲ. "ಇಷ್ಟ್ ವರ್ಸ ಚಿನ್ನದ್ ಗಣೀನಾಗೆ ಗೇಯ್ದೆ. ಇಲಿ ಮಾಡ್ಸೋವಷ್ಟೂ ಮನೇಗ್ ಬರ್ಲಿಲ್ಲ, ಬೆಕ್ಕೆಲ್ಲಿಂದ ಮಾಡ್ಸಾನ?"

ನಾನು ನಕ್ಕೆ. ಅಮ್ಮ ನಗಲಿಲ್ಲ. ಅಪ್ಪ ಆಮೇಲೆ ಮೆತ್ತಗೆ ಹೇಳಿದ, "ಬಾನುವಾರದ ಗಂಟ ನೋಡಾನ. ಅಷ್ಟರಾಗೆ ಉಣ್ಣದಿದ್ರೆ ತಕ್ಕೊಂಡೋಗಿ ಲೈನಾಗೇ ಬಿಟ್ಟು ಬತ್ತೀನಿ. ಅಲ್ಲಾದ್ರೂ ಬದಿಕ್ಕೊಳ್ಳಲಿ." ನಮ್ಮ ಹಳೇ ಮನೆಗೆ ಆಗಲೇ ಬೇರೆಯವರು ಬಂದಿದ್ದರು, ಅವರಿಗೊಂದು ನಾಯಿಯೂ ಇತ್ತು. ಅದು ಮೂವರಿಗೂ ಗೊತ್ತಿತ್ತು. ಅಮ್ಮ ಎದ್ದು ಹಿತ್ತಲಿಗೆ ಹೋದಳು. ಅವಳು ಅತ್ತಿದ್ದು ಕಣ್ಣು ನೋಡಿದರೆ ತಿಳಿಯುತ್ತಿತ್ತು.

ಅಮ್ಮನಿಗೂ ಆ ಮನೆ ಹಿಡಿಸಿರಲಿಲ್ಲವೆಂದು ನನ್ನ ಅನುಮಾನ, ಕೇಳಿದ್ದರೆ ಪೊರಕೆ ಹಿಡಿಯುತ್ತಿದ್ದಳು. ಊರಿಗಾಂನಲ್ಲಿ ಮಧ್ಯಾಹ್ನ ಪಾಳಿ ಬಿಡುವ ಗಣಿಯ ಸೈರನ್ನು, ನಮ್ಮ ಮಾತಲ್ಲಿ ಸಂಗು, ಕೂಗಿದರೆ ಸಾಲಿನ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಅಷ್ಟರಲ್ಲಿ ಅಮ್ಮ ಬಿಸಿನೀರು ಕಾಯಿಸಿಟ್ಟಿರುತ್ತಿದ್ದಳು. ಬಂಗಾರಪೇಟೆಯಲ್ಲಿ ಸಂಗು ಇಲ್ಲ, ಪಾಳಿ ಇಲ್ಲ, ಗಂಡ ಬೆಳಗಿನಿಂದ ಜಗುಲಿಯ ಮೇಲೇ ಇದ್ದಾನೆ. ಆದರೂ ಅದೇ ಹೊತ್ತಿಗೆ ನೀರು ಕಾಯುತ್ತಿತ್ತು. ಅಮ್ಮ ಬಾಗಿಲಿಗೆ ಬಂದು ರಸ್ತೆ ನೋಡಿ ಒಳಗೆ ಹೋಗುತ್ತಿದ್ದಳು. ಬೆಳಿಗ್ಗೆ ಸ್ನಾನ ಮಾಡಿದ್ದ ಅಪ್ಪ ಎದ್ದು ಮತ್ತೊಮ್ಮೆ ಸ್ನಾನ ಮಾಡಿ ಬರುತ್ತಿದ್ದ.

ಶನಿವಾರ ಅಮ್ಮ ಬಿಸಿಲಿಗೆ ಹಾಕಲೆಂದು ಮಿಕ್ಕ ಹಾಸಿಗೆಯ ಸುರುಳಿ ಬಿಚ್ಚಿದಳು. ಒಳಗಿಂದ ಆ ಕೋಟು ಉರುಳಿತು. ಅಪ್ಪ ಎಸೆದಿರಲಿಲ್ಲ.

"ಎಸ್ದೆ ಅಂದ್ಯಲ್ಲ?"

"ತಲೆ ಆಡಿಸ್ದೆ, ಎಸ್ದೆ ಅನ್ಲಿಲ್ಲ" ಎಂದ ಅಪ್ಪ.

ಅಮ್ಮ ಎರಡು ಬೆರಳಲ್ಲಿ ಕೋಟು ಹಿಡಿದು ತಂದು ನನ್ನ ಮೆಷಿನ್ನಿನ ಮೇಲೆ ಹಾಕಿದಳು. "ಕತ್ತರ್ಸು ಇದನ್ನ. ನೆಲ ಒರೆಸಾಕಾದ್ರೂ ಆಯ್ತದೆ. ಗುಂಡಿ ಬಿಚ್ಚಿಟ್ಕೋ." ಅಪ್ಪ ಚಪ್ಪಲಿ ಮೆಟ್ಟಿ ಹೊರಗೆ ಹೋಗಿಬಿಟ್ಟ. ಗುಂಡಿಗಳು ಹಿತ್ತಾಳೆಯವು, ಚೆನ್ನಾಗಿದ್ದವು. ಎರಡು ಬಿಚ್ಚಿದೆ. ಮೂರನೆಯದಕ್ಕೆ ಕತ್ತರಿಯ ಮೊನೆ ಹಾಕುವಾಗ ಸೌದೆ ಗುಡ್ಡೆಯ ಕಡೆ ಸದ್ದಾಯಿತು.

ಬೆಕ್ಕು ಸೌದೆಯ ಮೇಲೆ ನಿಂತಿತ್ತು. ಮೂಗು ಅಲ್ಲಾಡುತ್ತಿತ್ತು. ನಾನು ಕತ್ತರಿ ಅಲ್ಲಿಗೇ ನಿಲ್ಲಿಸಿದೆ, ಕರೆಯಲಿಲ್ಲ. ಅದು ಒಂದೊಂದೇ ಕೊರಡು ಇಳಿದು, ಕೋಣೆ ದಾಟಿ, ಮೆಷಿನ್ನಿನ ಪೆಡಲ್ಲಿಗೆ ಕಾಲಿಟ್ಟು ಮೇಲಕ್ಕೆ ಹಾರಲು ನೋಡಿತು. ಹಾರುವ ಶಕ್ತಿ ಇರಲಿಲ್ಲ. ನಾನು ಕೋಟನ್ನು ಮೆಲ್ಲಗೆ ನೆಲಕ್ಕೆ ಜಾರಿಸಿದೆ. ಬೆಕ್ಕು ಅದರ ತೋಳಿನೊಳಗೆ ತಲೆ ತೂರಿಸಿ, ಮುಂಗಾಲುಗಳಿಂದ ಹಿಟ್ಟು ನಾದಿದ ಹಾಗೆ ನಾದತೊಡಗಿತು. ಆಮೇಲೆ ಸುತ್ತಿ ಮಲಗಿ ಗುರುಗುಟ್ಟಿತು. ಆ ಸದ್ದು ಕೇಳಿ ನನಗೇ ಕಣ್ಣು ತುಂಬಿತು.

ಅಡುಗೆಮನೆಯಿಂದ ಬಂದ ಅಮ್ಮ ಬಾಗಿಲಲ್ಲೇ ನಿಂತಳು. ಹಾಲು ತಂದು ಒಂದು ಮಾರು ದೂರ ಇಟ್ಟಳು. ಬೆಕ್ಕು ಕೋಟು ಬಿಟ್ಟು ಏಳಲಿಲ್ಲ. ಬಟ್ಟಲನ್ನು ಕೋಟಿನ ಮೇಲೇ ಇಟ್ಟಳು. ಅರ್ಧ ಚೆಲ್ಲಿ ಅರ್ಧ ಕುಡಿಯಿತು. ಹೊರಗೆ ಗೂಡ್ಸ್ ರೈಲು ಕೂಗಿತು, ಬೆಕ್ಕು ತಲೆಯೆತ್ತಿ ನೋಡಿ ಮತ್ತೆ ಬಟ್ಟಲಿಗೆ ಬಾಯಿ ಹಾಕಿತು.

"ನನ್ ಕೈಯಾಗೆ ಹಾಲು ಕುಡ್ದು ಬೆಳ್ದಿದ್ದು. ಕೊನೇಗೆ ಆ ಕೋಟಿಗೆ ಒಲಿದೈತೆ ನೋಡು" ಎಂದಳು ಅಮ್ಮ. ಹೊಟ್ಟೆಕಿಚ್ಚು ಪಟ್ಟದ್ದು ನಿಜ, ಆದರೆ ಮುಖದಲ್ಲಿ ಕಳೆ ಬಂದಿತ್ತು. ಬೆಕ್ಕನ್ನು ಕೋಟಿನ ಸಮೇತ ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಒಳಗಿನ ಕೋಣೆಯಲ್ಲಿ ತನ್ನ ಹಾಸಿಗೆಯ ಪಕ್ಕದ ಮೂಲೆಗೆ ಹಾಕಿದಳು. ಹಿಂಬಾಗಿಲ ಹೊಸ್ತಿಲು ದಾಟದ ಕೋಟು ಅದು. ಭಾನುವಾರ ಅಪ್ಪ ಎಲ್ಲಿಗೂ ಹೋಗಲಿಲ್ಲ.

ಬೆಕ್ಕು ಮೊದಲು ಆ ಕೋಣೆಯಲ್ಲಿ ಓಡಾಡಿತು, ಆಮೇಲೆ ಅಡುಗೆಮನೆ, ಹಿತ್ತಲು. ಮಳೆಗಾಲ ಬರುವ ಹೊತ್ತಿಗೆ ಕೇರಿಯ ಹೆಂಚುಗಳೆಲ್ಲ ಅದರ ಸ್ವಂತ ಆಸ್ತಿಯಾಗಿದ್ದವು, ಕೋಟಿನ ಹತ್ತಿರ ಅಪರೂಪಕ್ಕೆ ಬರುತ್ತಿತ್ತು. ಒಂದು ಮಧ್ಯಾಹ್ನ ಬಟ್ಟೆ ಒಗೆಯಲು ಹೊರಟವಳು ಆ ಕೋಟನ್ನೂ ತೆಗೆದುಕೊಳ್ಳಲು ಒಳಗೆ ಹೋದೆ. ಅಪ್ಪ ಜಗುಲಿಯಲ್ಲಿದ್ದ. ನೀರು ಕಾಯಿಸುವ ಹೊತ್ತು, ಆದರೆ ಒಲೆ ಹತ್ತಿರಲಿಲ್ಲ. ಅಮ್ಮ ಮೂಲೆಯಲ್ಲಿ ಕೂತು ಕೋಟಿನ ಕಾಲರನ್ನು ಮೂಗಿಗೆ ಹಿಡಿದಿದ್ದಳು.

"ಬೆಕ್ಕು ಎದ್ದೋಯ್ತಲ್ಲ, ಇನ್ನು ಒಗ್ದಾಕ್ಲಾ?" ಎಂದು ಛೇಡಿಸಿದೆ.

ಅಮ್ಮ ಕೋಟನ್ನು ಬಿಡಲಿಲ್ಲ. "ಸಂಗು ಕೂಗಿದ್ ಮ್ಯಾಲೆ ದಿನಾ ಬಾಗ್ಲಾಗೆ ನಿಂತ್ಕೊಂತಿದ್ದೆ" ಎಂದಳು. "ತಿರುವಿನಾಗೆ ಆಳು ಕಾಣಾಕೆ ಮುಂಚೆ ಈ ನಾತ ಬತ್ತಿತ್ತು ಗಾಳೀನಾಗೆ. ಇವತ್ತೂ ಬದುಕಿ ಬಂದ, ಅಂದ್ಕೊಂಡು ಒಳೀಕ್ ಓಯ್ತಿದ್ದೆ."

ಅಮ್ಮ ಕೋಟನ್ನು ಮಡಿಸಿ ನನ್ನ ಕೈಗೆ ಕೊಟ್ಟಳು.

"ಒಗೀಬೇಡ. ಆ ಎರಡು ಗುಂಡಿ ಆಕ್ಕೊಡು."

ಗುಂಡಿಗಳು ಮೆಷಿನ್ನಿನ ಖಾನೆಯಲ್ಲೇ ಇದ್ದವು. ಸಂಜೆಯೊಳಗೆ ಹಾಕಿಕೊಟ್ಟೆ.