ಅರ್ಧಕ್ಕೆ ನಿಂತ ಕಹಳೆ

ಆಗ ನಾವು ದುಬೈಯ ಅಲ್ ಕುಸೈಸ್‌ನಲ್ಲಿದ್ದೆವು. ನಮ್ಮದು ಉಡುಪಿ ಕಡೆಯ ಮನೆ. ಎದುರು ಬಾಗಿಲು ಪುತ್ತೂರಿನ ಬ್ಯಾರಿಗಳಾದ ಸಫಿಯಾಳ ಮನೆಯವರದು. ಕಾರಿಡಾರಿನಲ್ಲಿ ಸದಾ ಯಾರದೋ ಮನೆಯ ಮೀನು ಸಾರಿನ ಪರಿಮಳ. ಆ ದಿನಗಳಲ್ಲಿ ಗೆಳತಿಯ ಮನೆಗೆ ಹೋಗಲು ಚಪ್ಪಲಿಯೂ ಬೇಕಿರಲಿಲ್ಲ.

ಆರನೇ ಕ್ಲಾಸಿನಲ್ಲಿ ಶಾಲೆಯವರು ವಾರ್ಷಿಕೋತ್ಸವಕ್ಕೆಂದು ಒಂದೊಂದು ತರಗತಿಗೆ ಒಂದೊಂದು ಊರು ಹಂಚಿದರು. ನಮಗೆ ಸಿಕ್ಕಿದ್ದು ಪೋಲೆಂಡಿನ ಕ್ರಾಕೋವ್. ಡಿಸೆಂಬರ್ ಬಂತೆಂದರೆ ಅಲ್ಲಿಯವರು ಮಿರುಗುವ ಕಾಗದದಲ್ಲಿ ಗೋಪುರಗಳುಳ್ಳ ಪುಟ್ಟ ಕ್ರಿಸ್ಮಸ್ ಗೋದಲಿ ಮಾಡಿ ಚೌಕದಲ್ಲಿ ಸಾಲಾಗಿ ಇಡುತ್ತಾರಂತೆ. ನಾವು ತಿಂಗಳಿಡೀ ಚಾಕೊಲೇಟ್ ತಿಂದು, ಬೇಗಡೆ ಕೂಡಿಟ್ಟು, ಬೆರಳೆಲ್ಲ ಗೋಂದು ಮಾಡಿಕೊಂಡು ಒಂದು ಗೋಪುರ ಕಟ್ಟಿದೆವು. ಅಲ್ಲಿನ ಚರ್ಚಿನ ಮೇಲಿಂದ ಗಂಟೆಗೊಮ್ಮೆ ಕಹಳೆ ಊದಿ, ರಾಗ ಮುಗಿಯುವ ಮೊದಲೇ ತಟ್ಟನೆ ನಿಲ್ಲಿಸುತ್ತಾರೆ. ಹಿಂದೆ ಶತ್ರುಗಳು ಬಂದಾಗ ಊರನ್ನು ಎಚ್ಚರಿಸುತ್ತಿದ್ದ ಕಹಳೆಗಾರನ ಗಂಟಲಿಗೆ ಬಾಣ ತಾಗಿದ್ದು ರಾಗದ ಆ ಜಾಗದಲ್ಲೇ ಎಂಬುದು ಕಥೆ.

ಅದನ್ನು ಇಂಗ್ಲಿಷಿನಲ್ಲಿ ಹೇಳುವ ಕೆಲಸವನ್ನು ಟೀಚರ್ ಸಫಿಯಾಳಿಗೆ ಕೊಟ್ಟರು. ಅವಳಿಗೆ ಉಗ್ಗು, ಒಮ್ಮೆ ವೇದಿಕೆಯಲ್ಲಿ ಮಾತಾಡಿಬಿಟ್ಟರೆ ಹೆದರಿಕೆ ಹೋಗುತ್ತದೆ ಎಂದು ಅವರ ಎಣಿಕೆ. ನನಗೆ ಗೋಪುರ ಹಿಡಿಯುವ ಕೆಲಸ. ನನ್ನ ಹೊಟ್ಟೆ ಉರಿದುಹೋಯಿತು. ಕ್ಲಾಸಿನಲ್ಲಿ ಚೆನ್ನಾಗಿ ಮಾತಾಡುವವಳು ನಾನು ತಾನೇ?

ಆದರೂ ಅಭ್ಯಾಸ ಮಾಡಿಸಿದ್ದು ನಾನೇ. ಮೆಟ್ಟಿಲ ಮೇಲೆ ಕೂತು ಅವಳ ಅಂಗೈಗೆ ಬೆರಳಿನಿಂದ ತಾಳ ತಟ್ಟುತ್ತಿದ್ದೆ. ತಾಳವಿದ್ದರೆ ಅವಳ ಮಾತು ಒಮ್ಮೆಯೂ ತಡೆಯುತ್ತಿರಲಿಲ್ಲ.

"ಸ್ಟೇಜಲ್ಲಿ ಕೈ ಬಿಡ್ಬೇಡ, ಆಯ್ತಾ?" ಎಂದು ಕೇಳಿದ್ದಳು.

"ಎಂತಕ್ಕೆ ಬಿಡುದು ಮಾರಾಯ್ತಿ?" ಎಂದಿದ್ದೆ.

ಆ ದಿನ ಮುಂದಿನ ಸಾಲಿನಲ್ಲೇ ಅವಳ ಉಮ್ಮ ಕೂತಿದ್ದರು. ನನ್ನ ಒಂದು ಕೈಯಲ್ಲಿ ಗೋಪುರ, ಇನ್ನೊಂದರಲ್ಲಿ ಅವಳ ಅಂಗೈ. ಸಫಿಯಾ ಎಷ್ಟು ಚೆನ್ನಾಗಿ ಹೇಳಿದಳೆಂದರೆ ಸಭೆಯಲ್ಲಿ ಕೆಮ್ಮಿನ ಸದ್ದೂ ಇರಲಿಲ್ಲ. ಅದೇ ನನಗೆ ಸಹಿಸಲಾಗಲಿಲ್ಲ. ಶತ್ರು ಬಿಲ್ಲೆತ್ತುವ ಜಾಗಕ್ಕೆ ಬಂದಾಗ ಅವಳ ಕೈ ಬಿಟ್ಟು, ಎರಡೂ ಕೈಯಲ್ಲಿ ಗೋಪುರ ಹಿಡಿದೆ. ಅವಳು ಒಂದೇ ಅಕ್ಷರದಲ್ಲಿ ಸಿಕ್ಕಿಕೊಂಡಳು. ಅವಳ ಬೆರಳುಗಳು ನನ್ನ ಕೈ ಹುಡುಕಿದವು. ನಾನು ಮೈಕಿಗೆ ಬಗ್ಗಿ, "ಆ್ಯರೋ" ಎಂದೆ.

ಸಭೆಯೆಲ್ಲ ನಕ್ಕಿತು. ಏನೆಂದು ತಿಳಿಯದೆ ಅವಳ ಉಮ್ಮನೂ ಎಲ್ಲರ ಜೊತೆ ನಕ್ಕರು.

ಮರುದಿನದಿಂದ ಅವಳು ತಡವರಿಸಿದಾಗಲೆಲ್ಲ ಮಕ್ಕಳು "ಆ್ಯರೋ" ಎಂದು ಕೂಗಿ, ಗಂಟಲು ಹಿಡಿದುಕೊಂಡು ಬಸ್ಸಿನ ಸೀಟಿನ ಮೇಲೆ ಬೀಳುತ್ತಿದ್ದರು. ನಾನೂ ಬಿದ್ದಿದ್ದೇನೆ, ಎಲ್ಲರಿಗಿಂತ ಚೆನ್ನಾಗಿ. ಕ್ರಮೇಣ ಸಫಿಯಾ ಹಾಜರಿಗೂ ಬರೀ ಕೈ ಎತ್ತತೊಡಗಿದಳು. ನಾನು ಕೈ ಬಿಟ್ಟದ್ದನ್ನು ಅವಳು ಯಾರಿಗೂ ಹೇಳಲಿಲ್ಲ. ಹೇಳಲು ಬಾಯಿ ತೆರೆಯಬೇಕಿತ್ತಲ್ಲ. ರಜೆಯಲ್ಲಿ ಊರಿಗೆ ಹೋದವಳನ್ನು ಪುತ್ತೂರಿನ ಶಾಲೆಗೇ ಸೇರಿಸಿದರು.

ಕ್ರಾಕೋವಿನ ಕಹಳೆ ಈಗ ಫೋನಿನಲ್ಲೇ ಕೇಳಸಿಗುತ್ತದೆ. ಅಲ್ಲಿ ನಿಂತ ರಾಗ ಮುಂದಿನ ಗಂಟೆಗೆ ಮತ್ತೆ ಶುರುವಾಗುತ್ತದೆ. ಮೆಟ್ಟಿಲ ಮೇಲೆ ನಾನು ಕೇಳಿದ್ದ ಆ ಸ್ವರವನ್ನು ಆಮೇಲೆ ಯಾರಾದರೂ ಕೇಳಿದರೋ ಇಲ್ಲವೋ. ಹೋದ ವರ್ಷ ಅವಳ ನಂಬರ್ ಹುಡುಕಿ, ಎಲ್ಲವನ್ನೂ ಒಪ್ಪಿಕೊಂಡು ದೊಡ್ಡ ವಾಯ್ಸ್ ಮೆಸೇಜ್ ಕಳಿಸಿದೆ. ಎರಡು ದಿನದ ಮೇಲೆ ಟೈಪ್ ಮಾಡಿದ ಉತ್ತರ ಬಂತು.

"ಕೇಳಿದೆ. ನೀನು ಈಗಲೂ ಚಂದ ಮಾತಾಡ್ತೀ."