ನೋವಿಲ್ಲದ ದಿನದ ಮಾತ್ರೆ

ಊಟದ ತಟ್ಟೆಯ ಪಕ್ಕ ಮಗಳು ಮಾತ್ರೆಯ ಶೀಟು ಇಟ್ಟು ಹೋಗಿದ್ದಾಳೆ. ನನ್ನ ಸೊಂಟದ ಕೀಲಿನ ಆಪರೇಷನ್ ಆಗಿ ಎರಡನೇ ವಾರ. ಆ ಶೀಟು ಚಿಟಕ್ಕೆಂದಾಗಲೆಲ್ಲ ಕನಕಪುರದ ನಮ್ಮ ಎದುರುಮನೆಯ ದೊಡ್ಡಮ್ಮ ಕಣ್ಮುಂದೆ ಬರುತ್ತಾಳೆ... ಸಂಬಂಧದಲ್ಲಿ ಏನೂ ಆಗಬೇಕಿರಲಿಲ್ಲ, ಬೀದಿಗೆಲ್ಲ ದೊಡ್ಡಮ್ಮ.

ಅವಳ ರಾಗಿಮುದ್ದೆಗೆ ನಮ್ಮ ಬೀದಿಯಲ್ಲಿ ಸಾಟಿ ಇರಲಿಲ್ಲ. ನೆಲಕ್ಕೆ ಕೂತು, ಪಾತ್ರೆಯನ್ನು ಕವೆಗೋಲಿನಿಂದ ಒತ್ತಿ, ಕೋಲಿನ ತುದಿಗಳನ್ನು ಪಾದದಡಿ ಹಿಡಿದು ಹಿಟ್ಟು ತಿರುವುತ್ತಿದ್ದಳು. ಗ್ಯಾಸ್ ಕಟ್ಟೆಯ ಮುಂದೆ ನಿಂತು ಮಾಡುವವರನ್ನು ಕಂಡರೆ ಅವಳಿಗೆ ನಗು. ಮನೆಗೆ ಏನೇ ಬಂದರೂ ನಾಲ್ಕು ಜನಕ್ಕೆ ಹಂಚದೆ ಬಾಯಿಗಿಡುತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ಆಟೋ ಮಗುಚಿ ಅವಳ ಸೊಂಟದ ಕೀಲು ಮುರಿಯಿತು. ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಮತ್ತೆ ನೆಲಕ್ಕೆ ಕೂತು ಹಿಟ್ಟು ತಿರುವಬಹುದಾ, ಡಾಕ್ಟರನ್ನು ಅವಳು ಕೇಳಿದ್ದು ಅದೊಂದನ್ನೇ. ನಿಧಾನಕ್ಕೆ ಆದೀತು ಎಂದ ಅವರು ನೋವು, ಉರಿಯೂತ ಎರಡನ್ನೂ ತಗ್ಗಿಸುವ ಮಾತ್ರೆ ಬರೆದುಕೊಟ್ಟರು. ನೋವಿರಲಿ ಬಿಡಲಿ ಪೂರ್ತಿ ನುಂಗಬೇಕು, ಇಲ್ಲದಿದ್ದರೆ ಕೀಲಿನ ಸುತ್ತ ಮಾಂಸದೊಳಗೆ ಮೂಳೆ ಬೆಳೆಯಬಹುದು ಎಂದರಂತೆ.

ಊರಿಗೆ ಬಂದ ಮೇಲೆ ನೋವು ಇಳಿಯಿತು. ಮಾತ್ರೆಗಳು ಒಂದೊಂದಾಗಿ ಮಂಡಿನೋವಿನ ಹೆಂಗಸರ ಸೆರಗಿನ ಗಂಟು ಸೇರಿದವು. ನಮ್ಮವ್ವ ಬೇಡವೆಂದಾಗ ಅವಳು ಹೇಳಿದ್ದು ಇನ್ನೂ ಕಿವಿಯಲ್ಲಿದೆ.

"ನೋವಿರೋಳು ನೀನು, ನೀನ್ ನುಂಗವ್ವ. ಮುರಿದಿರೋ ಕಡೆ ಒಸಿ ಮೂಳೆ ಬೆಳೆದ್ರೆ ಒಳ್ಳೇದೇ ಅಲ್ವಾ? ಈ ವಯಸ್ನಲ್ಲಿ ನಂಗೆ ಇನ್ನೇನ್ ಬೆಳೀತೈತೆ?"

ಎಲ್ಲರೂ ನಕ್ಕೆವು... ನಮಗೂ ಅದು ಸರಿಯಾಗಿಯೇ ಕಂಡಿತ್ತು.

ಮೂಳೆ ಬೆಳೆಯಿತು. ಬರಬರುತ್ತ ಕಾಲು ಮಡಚಲು ಬರದಾಯಿತು. ಮಾತ್ರೆ ನುಂಗಿದ್ದರೆ ಇದು ತಪ್ಪುತ್ತಿತ್ತಾ ಎಂದು ಅವಳ ಮಗ ಕೇಳಿದಾಗ, ತಪ್ಪಬಹುದಿತ್ತು, ಖಂಡಿತ ಅನ್ನಲಾಗದು ಎಂದರಂತೆ ಡಾಕ್ಟರು. ಆ ಮೂಳೆ ತೆಗೆಸಲು ಇನ್ನೊಂದು ಆಪರೇಷನ್ನಿಗೆ ಅವಳು ಒಪ್ಪಲಿಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಸೊಸೆ ಹಿಟ್ಟು ತಿರುವುವುದನ್ನು ನೋಡುತ್ತಿದ್ದಳು. ಮುದ್ದೆಯಲ್ಲಿ ಗಂಟು ಸಿಕ್ಕರೆ ಬೆರಳಲ್ಲಿ ಹಿಸುಕಿಕೊಂಡು ಉಣ್ಣುತ್ತಿದ್ದಳು. ಹಾಗೇ ಕೆಲವು ವರ್ಷ ಇದ್ದು, ಹೋದಳು...

ಇವತ್ತು ಬೆಳಿಗ್ಗೆ ಪಕ್ಕದ ಮನೆಯವರು ಮಂಡಿ ಹಿಡಿದುಕೊಂಡು ಬಂದು, ನಿಮ್ಮ ಮಾತ್ರೆ ಒಂದಿದ್ದರೆ ಕೊಡಿ ಎಂದರು. ದೊಡ್ಡಮ್ಮನಿಗೆ ಬರೆದುಕೊಟ್ಟಿದ್ದಂಥದ್ದೇ ಮಾತ್ರೆ ಇದು, ನಾನು ಕೊಡಲಿಲ್ಲ. ನನಗೆ ಈ ದಿನ ನೋವೇ ಇಲ್ಲ. ಆದರೂ ಈಗ ಊಟ ಮುಗಿಸಿ ನುಂಗಿದೆ. ದೊಡ್ಡಮ್ಮ ಇದ್ದಿದ್ದರೆ ಜಿಪುಣಿ ಎಂದು ಬೀದಿಗೆಲ್ಲ ಕೇಳುವ ಹಾಗೆ ಬೈಯುತ್ತಿದ್ದಳು. ಬೈಸಿಕೊಳ್ಳೋಣ ಎಂದರೆ ಅವಳೇ ಇಲ್ಲ.