ಕರೀಂಸಾಬರೂ ಒಂದು ಮಗ್ಗುಲು ಎದ್ದ ಪಿಕಪ್ಪೂ

ಕಲಬುರಗಿಯ ಮೋಮಿನಪುರದ ಓಣಿಯಲ್ಲಿ ವೆಲ್ಡಿಂಗ್ ಕರೀಂಸಾಬರ ದುಕಾನ್ ಎಲ್ಲಿ ಅಂತ ಕೇಳಿದರೆ ಯಾರೂ ನಂಬರ್ ಹೇಳುವುದಿಲ್ಲ. "ಎಲ್ಲಿ ಕಿಡಿ ಹಾರಾಕತ್ತದ, ಅಲ್ಲಿ ಹೋಗ್ರಿ" ಅನ್ನುತ್ತಾರೆ, ಮುಗಿಯಿತು. ಈ ವರ್ಷ ಮಾತ್ರ ಬೇಸಿಗೆಯಲ್ಲಿ ಕೆಲವು ದಿನ ಆ ಕಿಡಿ ಹಾರಲಿಲ್ಲ. ಕರೀಂಸಾಬರ ಕಣ್ಣಿಗೆ ಪೊರೆ ಬಂದು ಆಪರೇಷನ್ ಆಗಿತ್ತು. ಕಪ್ಪು ಕನ್ನಡಕ ಹಾಕಿಕೊಂಡು ಹೊಸ್ತಿಲಲ್ಲಿ ಕೂತು, ಹೋಗುವ ಬರುವ ಗಾಡಿಗಳ ಸದ್ದು ಕೇಳಿಯೇ ಯಾವುದರ ಸೈಲೆನ್ಸರ್ ಒಡೆದಿದೆ ಅಂತ ಹೇಳುತ್ತಿದ್ದರು. ಕೇಳಿದವರು ಇರಲಿಲ್ಲ, ಆದರೂ ಹೇಳುತ್ತಿದ್ದರು.

ಮಗ ಮಕ್ಸೂದ್ ಜಗತ್ ಸರ್ಕಲ್ಲಿನ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಒಳ್ಳೆಯ ಹುಡುಗ, ಅಪ್ಪನ ಮೇಲೆ ಜೀವ. ಜೀವ ಇದ್ದದ್ದಕ್ಕೇ ಅವನು ಮೊಬೈಲ್ ಕವರ್ ಮಾರುವ ಒಬ್ಬನನ್ನು ಹುಡುಕಿ ತಂದಿದ್ದ. ದುಕಾನ್ ಅವನಿಗೆ ಬಾಡಿಗೆ ಕೊಟ್ಟರೆ ಅಪ್ಪ ಆರಾಮಾಗಿ ಇರುತ್ತಾರೆ ಅಂತ ಅವನ ಲೆಕ್ಕ. ಕರೀಂಸಾಬರು ಬೇಡ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ. "ಒಂದು ಕೆಲಸ ಮಾಡಿ ನೋಡ್ತೀನಿ. ಕೈ ಕೆಟ್ಟದ ಅಂತ ಖಾತ್ರಿ ಆದ್ರ ಚಾವಿ ನಾನೇ ಕೊಡ್ತೀನಿ" ಅಂದರು.

ಆ ಒಂದು ಕೆಲಸ ಕಮಲಾಪುರದಿಂದ ಬಂತು. ಜಗದೇವಪ್ಪನ ಹಳೆಯ ಪಿಕಪ್. ಅವನ ಅಪ್ಪ ಕೊಂಡಿದ್ದು. ಅದರ ಬಣ್ಣ ಏನಿತ್ತು ಅಂತ ಈಗ ಮನೆಯಲ್ಲಿ ಯಾರಿಗೂ ನೆನಪಿಲ್ಲ. ಜಗದೇವಪ್ಪ ಹಸಿರು ಅಂತಾನೆ, ಹೆಂಡತಿ ಅಂಬಮ್ಮ ನೀಲಿ ಅಂತಾಳೆ, ಅದರ ಮೇಲೆ ಒಂದು ಹೊತ್ತು ಜಗಳ ಆಗಿದ್ದೂ ಉಂಟು. ಕಮಲಾಪುರದ ಕೆಂಪು ಬಾಳೆಹಣ್ಣು ತುಂಬಿಕೊಂಡು ಮಹಾಗಾಂವ್ ದಾಟಿ ಕಲಬುರಗಿ ಮಾರ್ಕೆಟ್ಟಿಗೆ ಬರುವುದು ಅದರ ಕೆಲಸ. ಆ ಹಣ್ಣು ಹೂವಿನ ಹಾಗೆ. ಗಾಡಿ ಕುಕ್ಕಿದರೆ ಸಿಪ್ಪೆ ಕಪ್ಪಾಗುತ್ತದೆ, ಕಪ್ಪಾದರೆ ಕೊಳ್ಳುವವರು ಮೂಗು ಮುರಿಯುತ್ತಾರೆ.

ಈ ಗಾಡಿಯಲ್ಲಿ ಹಿಂದಿನ ಒಂದೊಂದು ಗಾಲಿಗೂ ಒಂದೊಂದು ಕಬ್ಬಿಣದ ತೋಳು. ತೋಳಿನ ಒಂದು ತುದಿ ಗಾಡಿಯ ಅಡಿಗೆ ಬೋಲ್ಟಿನಲ್ಲಿ ಸಿಕ್ಕಿರುತ್ತದೆ, ಇನ್ನೊಂದು ತುದಿಗೆ ಗಾಲಿ. ಗುಂಡಿ ಬಂದಾಗ ನಮ್ಮ ಮೊಣಕೈ ಮಡಚಿದ ಹಾಗೆ ತೋಳು ಮೇಲೆ ಕೆಳಗೆ ಆಡುತ್ತದೆ. ಬೋಲ್ಟಿನ ಸುತ್ತ ರಬ್ಬರಿನ ಬುಷ್ ಇರುತ್ತದೆ. ಎರಡೂ ತೋಳು ಬುಡದಲ್ಲಿ ಸೀಳು ಬಿಟ್ಟಿದ್ದವು. ಕರೀಂಸಾಬರು ಅವನ್ನು ಬಿಚ್ಚಿ, ತುಕ್ಕು ಉಜ್ಜಿ, ಸೀಳು ಮುಚ್ಚಿ, ತೆರೆದ ಮಗ್ಗುಲಿಗೆ ದಪ್ಪ ಪ್ಲೇಟ್ ಕೂಡಿಸಿ ಪೆಟ್ಟಿಗೆಯ ಹಾಗೆ ಮಾಡಿದರು. ಬಿಸಿಗೆ ಕಬ್ಬಿಣ ಸೊಟ್ಟಗಾಗಬಾರದು ಅಂತ ಇಲ್ಲಿ ಒಂದು ಬೆರಳು, ಅಲ್ಲಿ ಒಂದು ಬೆರಳು ಹೀಗೆ ಬಿಟ್ಟು ಬಿಟ್ಟು ವೆಲ್ಡಿಂಗ್ ಹಾಕಿದರು. ಹೊಸ ಬುಷ್ ಕೂಡಿಸಿ ಗಾಡಿಗೆ ಏರಿಸಿದರು. ಹೆಂಡತಿ ಅಮೀನಾ ಚಹಾ ತಂದು, "ಬೆಸುಗೆ ಟಾಂಕಿ ಸಾಫ್ ಬಿದ್ದದ" ಅಂತ ಹೊಗಳಿದಳು. ಅವಳಿಗೆ ವೆಲ್ಡಿಂಗ್ ಗೊತ್ತಿಲ್ಲ, ಗಂಡ ಗೊತ್ತು.

ಆದರೆ ಗಾಡಿ ನೆಲದ ಮೇಲೆ ನಿಂತಾಗ ಎಡ ಮಗ್ಗುಲು ಎತ್ತರ!

ಕರೀಂಸಾಬರು ಕಣ್ಣು ಉಜ್ಜಿಕೊಂಡರು. ಹಿಂದೆ ಹೋಗಿ ನೋಡಿದರು, ಕೂತು ನೋಡಿದರು. ಓಣಿಯೇ ವಾರೆ ಇದ್ದೀತು ಅಂತ ಗಾಡಿ ಮುಂದೆ ತಳ್ಳಿಸಿದರು. ಎಡವೇ ಎತ್ತರ. ಮರುದಿನ ತೋಳು ಬಿಚ್ಚಿ ಒಂದರ ಪಕ್ಕ ಒಂದಿಟ್ಟು ಅಳೆದರು. ಅಕ್ಕತಂಗಿಯರ ಹಾಗೆ ಎರಡೂ ಸಮ. ತಿರುಗಿ ಕೂಡಿಸಿದರು. ಎಡ ಎತ್ತರ. ಅದರ ಮರುದಿನ ಎಡದ ಸ್ಪ್ರಿಂಗ್ ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದರು. ಆಗಲೂ ಎಡವೇ!

ಆ ರಾತ್ರಿ ಅವರು ಊಟದ ತಟ್ಟೆಯನ್ನೂ ವಾರೆಯಾಗಿದೆಯೋ ಅಂತ ತಿರುಗಿಸಿ ನೋಡಿದರು. "ಆಪರೇಷನ್ ಕಣ್ಣಿಂದಾ, ತಲಿದಾ?" ಅಂತ ತಮ್ಮಷ್ಟಕ್ಕೆ ಅಂದುಕೊಂಡರು. ಅಮೀನಾ ಕೇಳಿಸದ ಹಾಗೆ ರೊಟ್ಟಿ ಹಾಕಿದಳು. ಮಕ್ಸೂದ್ ಮೊಳೆಗೆ ತೂಗಿದ ದುಕಾನ್ ಚಾವಿ ಕಡೆ ಒಮ್ಮೆ ನೋಡಿದ. ಆ ನೋಟವೇ ಕರೀಂಸಾಬರಿಗೆ ಚುಚ್ಚಿತು.

ಶುಕ್ರವಾರ ಗಂಡ ಹೆಂಡತಿ ಇಬ್ಬರೂ ಕಮಲಾಪುರದಿಂದ ಬಸ್ ಹತ್ತಿ ಬಂದರು. ಅಂಬಮ್ಮ ಬಂದವಳೇ ಗಾಡಿಯ ಹಿಂದೆ ನಿಂತು ಸೊಂಟದ ಮೇಲೆ ಕೈ ಇಟ್ಟಳು.

"ಸಾಬ್ರೇ, ಇದೇನ್ರೀ? ನಾಯಿ ಕಂಬದ ಮುಂದ ಕಾಲ ಎತ್ತಿ ನಿಂತಂಗ ನಿಂತದಲ್ಲ!"

"ನಾಚಿಸಬ್ಯಾಡ್ರಿ ಅಂಬಕ್ಕ. ನನಗೇ ತಿಳಿವಲ್ದು."

"ಹಿಂಗ ಒಯ್ದ್ರ ಹಣ್ಣೆಲ್ಲ ಒಂದ್ ಕಡಿಗಿ ಜಾರಿ ಶೀಕರಣಿ ಆಗ್ತದ. ಹೌದಿಲ್ಲೋ?" ಅಂತ ಗಂಡನನ್ನು ಕೇಳಿದಳು.

"ಹೌದು" ಅಂದ ಜಗದೇವಪ್ಪ. ಅವನು ಅದಕ್ಕಿಂತ ಹೆಚ್ಚು ಮಾತಾಡುವವನಲ್ಲ, ಆಡಲು ಜಾಗವೂ ಸಿಗುವುದಿಲ್ಲ.

ಜುಮ್ಮಾ ನಮಾಜು, ಊಟ ಎಲ್ಲಾ ಮುಗಿಸಿ ಕರೀಂಸಾಬರು ಮತ್ತೊಮ್ಮೆ ಜಾಕ್ ಹಚ್ಚಿ ಹಿಂಭಾಗ ಎತ್ತಿದರು. ಯಾವಾಗಲೂ ಎಡದಿಂದ ಶುರು ಮಾಡುವುದು ಅವರ ರೂಢಿ. ಆದರೆ ಎಡಕ್ಕೆ ನೆರಳಿತ್ತು. ನೆರಳಿನಲ್ಲಿ ಅಂಬಮ್ಮನೂ ಅಮೀನಾಳೂ ಶೇಂಗಾ ಸುಲಿಯುತ್ತಾ ಕಾಲು ಚಾಚಿ ಕೂತು, ಸೊಸೆಯರ ಸುದ್ದಿಗೆ ಇಳಿದಿದ್ದರು.

"ಸ್ವಲ್ಪ ಸರೀರಿ ಅಂಬಕ್ಕ."

"ನನ್ನ ಮೊಣಕಾಲ ನೋಡ್ರಿ ಹೆಂಗ ಬಾತದ. ಈಗರೆ ಕುಂತೀನಿ. ಆ ಕಡಿಂದ ಮಾಡ್ರಿ, ಗಾಡಿ ಏನ್ ಸಿಟ್ಟಾಗಂಗಿಲ್ಲ."

ಸರಿ, ಬಲದಿಂದ ಶುರು ಮಾಡಿದರು. ಎರಡೂ ಬೋಲ್ಟ್ ಸಡಿಲಿಸಿ, ಬುಷ್ ಸರಿಮಾಡಿ, ಬಲದ್ದು ಬಿಗಿದು ಮುಗಿಸುವಷ್ಟರಲ್ಲಿ ಇಳಿಹೊತ್ತಿನ ಅಸರ್ ನಮಾಜಿಗೆ ಕರೆಯುವ ಬಾಂಗ್ ಆಯಿತು. ಕರೀಂಸಾಬರದ್ದು ಒಂದು ಪದ್ಧತಿ ಉಂಟು. ಕೋಟೆಯ ಹತ್ತಿರ ಅವರಿಗೆ ಕೆಲಸ ಕಲಿಸಿದ ಉಸ್ತಾದ್ ಹೇಳಿದ್ದು: ಮಸೀದಿಗೆ ಹೋಗುವಾಗ ಗಾಡಿಯನ್ನು ಜಾಕ್ ಮೇಲೆ ತೂಗುಬಿಟ್ಟು ಹೋಗಬೇಡ, ನೆಲಕ್ಕೆ ಇಳಿಸಿ ಹೋಗು, ಓಣಿಯಲ್ಲಿ ಮಕ್ಕಳಿರುತ್ತವೆ. ಇಳಿಸಿ ಹೋದರು. ಬಂದ ಮೇಲೆ ಉಳಿದ ಒಂದು ಬೋಲ್ಟಿಗಾಗಿ ಮತ್ತೆ ಜಾಕ್ ಯಾಕೆ ಅಂತ ಹಾಗೇ ಅಡಿಗೆ ತೂರಿ ಎಡದ್ದು ಬಿಗಿದರು.

ಹೊರಗೆ ಬಂದು ನೋಡಿದರೆ, ಈಗ ಬಲ ಎತ್ತರ!

"ಯಾ ಅಲ್ಲಾ" ಅಂತ ಕರೀಂಸಾಬರು ಅಲ್ಲೇ ನೆಲಕ್ಕೆ ಕೂತರು.

"ದೃಷ್ಟಿ ಆಗ್ಯಾದ" ಅಂದಳು ಅಮೀನಾ.

ಜಗದೇವಪ್ಪ ಗಾಡಿಯ ಸುತ್ತ ಒಂದು ಸುತ್ತು ಹಾಕಿ ಬಂದು, ಮೊದಲ ಸಲ ತಾನಾಗಿ ಬಾಯಿ ಬಿಟ್ಟ. "ಗಾಡಿ ಹೊಳ್ಳಿ ನಿಂತದೇನ್ರೀ? ಮುಕಳಿ ಯಾವ ಕಡಿ ಅದ?"

"ನಿನ್ನ ಗಾಡಿ ಮುಕಳಿ ನಿನಗ ಖೂನ ಗುರುತ ಇಲ್ಲೇನು?" ಅಂತ ಅಂಬಮ್ಮ ಗದರಿದಳು. ಗದರಿದರೂ ತಾನೂ ಒಮ್ಮೆ ಬಗ್ಗಿ ನೋಡಿದಳು.

ಎಲ್ಲರೂ ಬಗ್ಗಿ ನೋಡಿದರು. ಯಾರಿಗೂ ಏನೂ ತಿಳಿಯಲಿಲ್ಲ. ಚಹಾ ಆಯಿತು. ಶೇಂಗಾ ಅರ್ಧ ಖಾಲಿಯಾಯಿತು. ಕರೀಂಸಾಬರು ಕೇಳಿದರು, "ಅಂಬಕ್ಕ, ಇವತ್ತ ನಾ ಏನ್ ಬ್ಯಾರೆ ಮಾಡಿದೆ?"

"ಏನ್ ಮಾಡ್ತೀರಿ? ನನ್ನ ಸಲುವಾಗಿ ಆ ಕಡಿಂದ ಶುರು ಮಾಡಿದ್ರಿ, ಅಷ್ಟೇ."

"ಅಷ್ಟೇ" ಅಂದರು ಕರೀಂಸಾಬರು. ಗಾಡಿಯ ಅಡಿಗೆ ಬಗ್ಗಿ ನೋಡಿ ಮತ್ತೆ "ಅಷ್ಟೇ" ಅಂದರು. ಹೆಗಲ ಮೇಲಿನ ಟವೆಲ್ ತೆಗೆದು, ಒಂದು ತುದಿ ಅಮೀನಾಳ ಕೈಗೆ ಕೊಟ್ಟು ಗಟ್ಟಿ ಹಿಡಿ ಅಂದರು. ಇನ್ನೊಂದು ತುದಿ ತಿರುವಿದರು. ಬಿಟ್ಟರೆ ಅದು ಗರ್ರನೆ ಹಿಂದಕ್ಕೆ ತಿರುಗಿತು. ಮತ್ತೆ ತಿರುವಿದರು, ಬಿಟ್ಟರು. ಆಡುವ ಮಗುವಿನ ಹಾಗೆ.

"ನಕ್ಕೋ ಜೀ, ಬ್ಯಾಡ್ರಿ, ಮಂದಿ ನೋಡಾಕತ್ತಾರ" ಅಂದಳು ಅಮೀನಾ.

"ದಿನಾ ಒಂದ್ ಕಡಿ ಬಿಗಿಯೂದ್ರಾಗ ಬಾಂಗ್ ಆಗ್ತದ. ಬಾಂಗ್ ಆಗೂಕಿಂತ ಮೊದಲ ಬಿಗಿದದ್ದು ಎತ್ತರ, ಬಾಂಗ್ ಆದ ಮ್ಯಾಲ ಬಿಗಿದದ್ದು ಇಳಕ. ಮೊದಲ ಬಿಗಿಯಾಗ ಗಾಡಿ ಜಾಕ್ ಮ್ಯಾಲ, ಗಾಲಿ ಜೋತು ಬಿದ್ದಿರ್ತದ. ರಬ್ಬರ್ ಹಂಗೇ ಹಿಡಕೊಂಡ್ ಬಿಡ್ತದ. ಕೆಳಗ ಇಳಸಿದ್ರ ಅದು ತಿರುವಿದ ಟವೆಲ್ ಆಗ್ತದ, ಗಾಡಿನ ಮ್ಯಾಲ ನೂಕ್ತದ. ಇನ್ನೊಂದು ನೆಲದ ಮ್ಯಾಲ ಬಿಗಿದದ್ದು, ಅದಕ್ಕ ತಿರುವೇ ಇಲ್ಲ!"

ಯಾರಿಗೂ ಪೂರ್ತಿ ತಿಳಿಯಲಿಲ್ಲ. ಅವರು ಅಡಿಗೆ ತೂರಿ ಬಲದ ಬೋಲ್ಟ್ ಸಡಿಲಿಸಿದರು. ಗಾಡಿ "ಟಕ್" ಅಂತ ಒಂದು ಸದ್ದು ಮಾಡಿ, ಮುದುಕಿ ನಿಟ್ಟುಸಿರು ಬಿಟ್ಟು ಕೂತ ಹಾಗೆ ಸಮನಾಗಿ ಕೂತಿತು.

ಖುಷಿಯಾಗಬೇಕಿತ್ತು. ಕರೀಂಸಾಬರು ಮಾತ್ರ ಇನ್ನೊಂದು ಯೋಚನೆಗೆ ಬಿದ್ದು ಅಡಿಯಿಂದಲೇ ಕೇಳಿದರು. ಇಷ್ಟು ವರ್ಷ ಇದು ಯಾಕೆ ಆಗಲಿಲ್ಲ? ಇಂಥ ತೋಳಿನ ಗಾಡಿಗಳು ಎಷ್ಟೋ ತಮ್ಮ ಕೈಯಲ್ಲಿ ಹಾದು ಹೋಗಿವೆ.

"ಆಗ ಬಾಂಗ್ ಆಗೂದ್ರಾಗ ಎರಡೂ ಮುಗೀತಿದ್ದವಲ್ಲ" ಅಂದಳು ಅಮೀನಾ. "ಈಗ ಕೈ ನಿಧಾನ ಆಗ್ಯಾದ."

"ಅಂದ್ರ ಎರಡೂ ಗಾಲಿ ಜೋತಾಡುವಾಗನೇ ಬಿಗೀತಿದ್ದೆ. ಎರಡೂ ತಪ್ಪು, ಅದಕ್ಕ ಗಾಡಿ ಸಮ ನಿಂದರ್ತಿತ್ತು!" ಅಡಿಯಿಂದ ನಗು ಕೇಳಿಸಿತು. "ರಬ್ಬರ್ ಲಗೂನ ಹರೀತದ ಅಂತ ಬುಷ್ ಮಾರೋನ್ನ ಬೈದದ್ದೇ ಬೈದದ್ದು. ಪಾಪ, ಅವನ ತಪ್ಪೇ ಇಲ್ಲ, ತಿರುವಿದ ರಬ್ಬರ್ ಹರೀದೇ ಇರ್ತದೇನು."

ಅದು ನಗುವ ಮಾತೋ ಅಳುವ ಮಾತೋ ಅವರಿಗೇ ಗೊತ್ತಾಗಲಿಲ್ಲ. ಕಣ್ಣು ಸರಿಯಿದೆ, ತಲೆಯೂ ಸರಿಯಿದೆ. ಕೈ ನಿಧಾನ ಆಗದಿದ್ದರೆ ಈ ತಪ್ಪು ಸಾಯುವತನಕ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

"ಹಣ್ಣು ತುಂಬಿದಾಗ ಗಾಡಿ ಎಷ್ಟು ಕೂಡ್ತದೋ ಅಷ್ಟು ಕೂಡಿಸಿ ಬಿಗೀಬೇಕು" ಅಂದರು. "ವಜ್ಜಿ ಬೇಕು, ಭಾರ. ಹತ್ರಿ ಎಲ್ಲಾರೂ!"

ಎಡದ ಬೋಲ್ಟನ್ನೂ ಸಡಿಲಿಸಿ, ಮನೆಯಲ್ಲಿದ್ದ ಗುಜರಿ ಕಬ್ಬಿಣವೆಲ್ಲ ಹೇರಿದರು. ಜಗದೇವಪ್ಪ ಹತ್ತಿದ. ಅಂಬಮ್ಮನನ್ನು ಮೇಲಿಂದ ಅವನೂ ಕೆಳಗಿಂದ ಅಮೀನಾಳೂ ಸೇರಿ ಹತ್ತಿಸಿದರು. ಅವಳು ಕೂತ ಕೂಡಲೇ ಗಾಡಿ ಚೆನ್ನಾಗಿ ಇಳಿಯಿತು. "ಯಾರರೆ ನಕ್ರ ನೋಡ್ರಿ ಮತ್ತ" ಅಂದಳು ಅಂಬಮ್ಮ. ಅಮೀನಾಳೂ ಹತ್ತಿದಳು. ಅಷ್ಟರಲ್ಲಿ ಮಕ್ಸೂದ್ ಬಂದ. ತಾಯಿ ಪಿಕಪ್ಪಿನ ಹಿಂದೆ ಶೇಂಗಾ ತಿನ್ನುತ್ತಾ ಕೂತದ್ದು ನೋಡಿ ಅವನು ಅಪ್ಪ ಎಲ್ಲಿ ಅಂತ ಸುತ್ತ ನೋಡಿದ.

"ಅಬ್ಬಾ, ಆ ಮೊಬೈಲ್ ಕವರಿನ ಮನಷ್ಯಾ ಫೋನ್ ಮಾಡ್ಯಾನ. ದುಕಾನ್ ಸಲುವಾಗಿ ಏನ್ ಹೇಳ್ಲಿ?"

"ಮೊದಲ ಮ್ಯಾಲ ಹತ್ತು. ಬಲಕ್ಕ ಕುಂದ್ರು, ಆ ಕಡಿ ಹಗುರ ಅದ."

ಮಕ್ಸೂದ್ ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಹತ್ತಿ ಕೂತ. ಅಡಿಯಲ್ಲಿ ಪಾನಾ ತಿರುಗುವ ಸದ್ದು ನಿಧಾನವಾಗಿ, ಬಹಳ ನಿಧಾನವಾಗಿ ಕೇಳಿಸಿತು. ಬಲ, ಆಮೇಲೆ ಎಡ. ಕರೀಂಸಾಬರು ಹೊರಗೆ ಬಂದು ಹಿಂದೆ ನಿಂತರು. ಕೂತು ನೋಡಿದರು, ಬಗ್ಗಿ ನೋಡಿದರು. ಇನ್ನೂ ನಂಬಿಕೆ ಬಾರದೆ ಜಗದೇವಪ್ಪನನ್ನು ಕೆಳಗಿಳಿಸಿ ಅವನ ಕೈಗೆ ಅಳತೆ ಟೇಪು ಕೊಟ್ಟು ಅವನಿಂದಲೂ ಅಳೆಸಿದರು. ಎರಡು ಕಡೆಯೂ ಸಮ.

"ಅವಂಗ ಬ್ಯಾರೆ ದುಕಾನ್ ನೋಡ್ಕೋ ಅಂತ ಹೇಳು" ಅಂದರು ಮಗನಿಗೆ. "ಇಷ್ಟ್ ದಿನ ಲಗೂ ಲಗೂ ತಪ್ಪು ಬಿಗಿದೀನಿ. ಇನ್ನ ಸ್ವಲ್ಪ ದಿನ ನಿಧಾನ ಬಿಗೀತೀನಿ."

ಮಕ್ಸೂದ್ ಅಪ್ಪನ ಮುಖ ನೋಡಿದ, ಫೋನ್ ತೆಗೆದ.

"ಫೋನ್ ಆಮ್ಯಾಲ ಹಚ್ಚೋ ತಮ್ಮಾ" ಅಂದಳು ಅಂಬಮ್ಮ. "ಮೊದಲ ನನ್ನ ಕೆಳಗ ಇಳಸ್ರಿ."